ಎತ್ತಿದ ಕೈಗಳ ಶಾಲೆ: ಒಂದು ತಕರಾರು

ವಾಷಿಂಗ್ಟನ್ ಸುತ್ತಮುತ್ತಲಿನ ಹೆಣ್ಣುಮಕ್ಕಳ ಖಾಸಗಿ ಶಾಲೆಗಳಿಗೆ ಬಂದಿರುವ ಹೆಸರು ಅವುಗಳ ಕೆಲಸಕ್ಕಿಂತ ದೊಡ್ಡದು. ತಕ್ಕಡಿ ಸಮ ಹಿಡಿದವರಂತೆ ಕಾಣಿಸಿಕೊಂಡು ಕೊನೆಯ ಪುಟದಲ್ಲಿ ತೀರ್ಪು ಹೇಳುವ ರೂಢಿ ನಮ್ಮ ವಿಮರ್ಶೆಯಲ್ಲಿದೆ. ನಾನು ಮೊದಲೇ ಹೇಳಿಬಿಡುತ್ತೇನೆ. ಈ ಶಾಲೆಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಹೆಸರು ಬಂದ ಕಾರಣ ಸರಿಯಿಲ್ಲ ಎನ್ನುತ್ತಿದ್ದೇನೆ. ಅದೇ ಊರಿನಲ್ಲಿ ಇದೇ ಕೆಲಸವನ್ನು ಪ್ರಾಣ ಪಣಕ್ಕಿಟ್ಟು ಮಾಡಿದ ಒಂದು ಶಾಲೆಯಿತ್ತು. ಅದರ ಹೆಸರು ನಮ್ಮವರಲ್ಲಿ ಯಾರ ಬಾಯಲ್ಲೂ ಕೇಳಿದ್ದಿಲ್ಲ.

ಫೇರ್‌ಫ್ಯಾಕ್ಸ್, ಲೌಡನ್ ಕೌಂಟಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಹೆಚ್ಚಾಗಿ ಮಕ್ಕಳನ್ನು ಪಬ್ಲಿಕ್ ಶಾಲೆಗೇ ಕಳಿಸುತ್ತವೆ. ಒಳ್ಳೆಯ ಶಾಲೆಯ ಹದ್ದಿನಲ್ಲಿ ಮನೆ ಕೊಂಡವರಿಗೆ ಫೀಸು ಬೇರೆ ಇರುವುದಿಲ್ಲ, ಮನೆಸಾಲದ ಕಂತಿನೊಳಗೇ ಅಡಗಿರುತ್ತದೆ. ಆದರೂ ಕಾವೇರಿ ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲೋ ಅಟ್ಲಾಂಟಾದ ನೃಪತುಂಗ ಕನ್ನಡ ಕೂಟದ ದೀಪಾವಳಿಯಲ್ಲೋ ಮಗಳು ಐದನೇ ಕ್ಲಾಸು ಮುಗಿಸುತ್ತಿರುವ ಅಪ್ಪಅಮ್ಮ ಕೂತರೆ ಮಾತು ಅಲ್ಲಿಗೇ ಹೊರಳುತ್ತದೆ. “ಹುಡುಗರೇ ಇಲ್ಲದಿದ್ರೆ ಹುಡುಗೀರಿಗೆ ಧೈರ್ಯ ಬರುತ್ತಂತೆ ಕಣ್ರೀ. ಕ್ಲಾಸಲ್ಲಿ ಕೈ ಎತ್ತಿ ಮಾತಾಡ್ತಾರಂತೆ.” ಈ ‘ಅಂತೆ’ ಎಲ್ಲಿಂದ ಬಂತು ಎಂದು ಹುಡುಕಿ ನೋಡುವುದು ಈ ಬರಹದ ಕೆಲಸ.

ಶಾಲೆಗಳನ್ನು ಬಲ್ಲವರಿಗೆ ಪಟ್ಟಿ ಬೇಕಿಲ್ಲ. ಫೀಬಿ ಹರ್ಸ್ಟ್ ಕೊಟ್ಟ ದುಡ್ಡಿನಿಂದ 1900ರಲ್ಲಿ ತೆರೆದ ನ್ಯಾಷನಲ್ ಕೆಥೆಡ್ರಲ್ ಸ್ಕೂಲ್, 1901ರ ಹಾಲ್ಟನ್-ಆರ್ಮ್ಸ್, 1906ರ ಮಡೀರಾ, ಇವೆಲ್ಲಕ್ಕೂ ನೂರು ವರ್ಷ ಹಿರಿದಾದ 1799ರ ಜಾರ್ಜ್‌ಟೌನ್ ವಿಸಿಟೇಷನ್. ದಕ್ಷಿಣಕ್ಕಿಳಿದರೆ ಮೊರೇವಿಯನ್ ಪಂಥದವರು 1772ರಲ್ಲಿ ಶುರುಮಾಡಿದ ಉತ್ತರ ಕ್ಯಾರೊಲಿನಾದ ಸೇಲಂ, ಚಾರ್ಲ್‌ಸ್ಟನ್ನಿನಲ್ಲಿ 1909ರ ಆಶ್ಲೀ ಹಾಲ್, ನಿನ್ನೆಮೊನ್ನೆಯದೆನ್ನಬಹುದಾದ 2000ದ ಅಟ್ಲಾಂಟಾ ಗರ್ಲ್ಸ್ ಸ್ಕೂಲ್. ಮಡೀರಾ, ಸೇಲಂಗಳಲ್ಲಿ ಹಾಸ್ಟೆಲೂ ಇದೆ. ಹಾಲ್ಟನ್, ಕೆಥೆಡ್ರಲ್ಲುಗಳು ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವ ಶಾಲೆಗಳು. ಅವುಗಳ ಫೀಸು ವರ್ಷಕ್ಕೆ 50 ಸಾವಿರ ಡಾಲರು ದಾಟಿದೆ. 1970ರ ದಶಕದಲ್ಲಿ ದೇಶದ ಎಷ್ಟೋ ಹೆಣ್ಣುಮಕ್ಕಳ ಶಾಲೆಗಳು ಗಂಡುಮಕ್ಕಳ ಶಾಲೆಯೊಂದಿಗೆ ಕೂಡಿಕೊಂಡವು, ಇಲ್ಲವೇ ಬಾಗಿಲು ಹಾಕಿದವು. 1972ರ ಟೈಟಲ್ ನೈನ್ ಕಾನೂನು ಖಾಸಗಿ ಶಾಲೆಗಳ ಅಡ್ಮಿಷನ್ನಿಗೆ ಅನ್ವಯಿಸದ ಕಾರಣ ಉಳಿದವಕ್ಕೆ ಕಾನೂನಿನ ಕಾಟವಿರಲಿಲ್ಲ. ಆದರೆ ಕಾಲವೇ ತಿರುಗಿತ್ತು. ಬೇರೆಯಾಗಿ ಏಕಿರಬೇಕು ಎಂಬುದಕ್ಕೆ ಒಂದು ಸಮರ್ಥನೆ ಬೇಕಿತ್ತು. ಅದು 1990ರ ದಶಕದ ಮೊದಲಿಗೆ ಸಿಕ್ಕಿತು.

ಆ ಸಮರ್ಥನೆ ನಿಂತಿರುವುದು ಮೇಲೆದ್ದ ಒಂದು ಕೈಯ ಮೇಲೆ. ಹುಡುಗರಿರುವ ತರಗತಿಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ. ಹುಡುಗ ಕೈ ಎತ್ತದೆಯೇ ಉತ್ತರ ಕೂಗುತ್ತಾನೆ, ಮೇಷ್ಟ್ರು ಒಪ್ಪಿಕೊಳ್ಳುತ್ತಾರೆ. ಹುಡುಗಿ ಹಾಗೇ ಕೂಗಿದರೆ “ಕೈ ಎತ್ತಿ ಹೇಳಮ್ಮ” ಅನ್ನುತ್ತಾರೆ. ಹಾಗೆ ಹೇಳಿಸಿಕೊಂಡವಳು ಕ್ರಮೇಣ ಕೈ ಎತ್ತುವುದನ್ನೂ ಬಿಡುತ್ತಾಳೆ. ಇದನ್ನು ತರಗತಿಗಳಲ್ಲಿ ಕೂತು ಎಣಿಸಿ ಬರೆದವರು ಮೈರಾ ಮತ್ತು ಡೇವಿಡ್ ಸ್ಯಾಡ್ಕರ್ ದಂಪತಿ; ಕೆಥೆಡ್ರಲ್ ಶಾಲೆಯಿಂದ ಮ್ಯಾಸಚೂಸೆಟ್ಸ್ ಅವೆನ್ಯೂ ಹಿಡಿದು ಹೋದರೆ ಸಿಗುವ ಅಮೆರಿಕನ್ ಯೂನಿವರ್ಸಿಟಿಯ ಅಧ್ಯಾಪಕರು. 1992ರಲ್ಲಿ ಅಮೆರಿಕನ್ ಅಸೋಸಿಯೇಷನ್ ಆಫ್ ಯೂನಿವರ್ಸಿಟಿ ವಿಮೆನ್ ಎಂಬ ಸಂಸ್ಥೆ ಶಾಲೆಗಳು ಹುಡುಗಿಯರಿಗೆ ಕೊಡಬೇಕಾದ್ದನ್ನು ಕೊಡುತ್ತಿಲ್ಲವೆಂದು ವರದಿ ಹೊರಡಿಸಿತು. 1994ರಲ್ಲಿ ಸ್ಯಾಡ್ಕರ್ ದಂಪತಿಯ ಪುಸ್ತಕ ಬಂತು. ಹೆಣ್ಣುಮಕ್ಕಳ ಶಾಲೆಗಳ ಒಕ್ಕೂಟ ಹುಟ್ಟಿದ್ದು 1991ರಲ್ಲಿ. ಹೊತ್ತು ಗೊತ್ತು ಎರಡೂ ಕೂಡಿಬಂದವು. ಸ್ಯಾಡ್ಕರ್ ಅವರ ತಕರಾರು ಮೇಷ್ಟ್ರುಗಳ ನಡವಳಿಕೆಯ ಮೇಲಿತ್ತು. ಶಾಲೆಗಳು ಓದಿಕೊಂಡದ್ದು ಹುಡುಗರೇ ತೊಂದರೆ ಎಂದು. ಹುಡುಗರನ್ನು ಹೊರಗಿಟ್ಟರೆ ಕೈ ತಾನಾಗಿ ಏಳುತ್ತದೆ. 1992ರ ವರದಿ ಹೊರಡಿಸಿದ ಸಂಸ್ಥೆಯೇ 1998ರಲ್ಲಿ ಇನ್ನೊಂದು ವರದಿ ತಂದು, ಬೇರೆ ಕೂರಿಸಿದರೆ ಹುಡುಗಿಯರ ಕಲಿಕೆ ಸುಧಾರಿಸುತ್ತದೆ ಎನ್ನಲು ಆಧಾರ ಸಾಲದು ಎಂದು ಹೇಳಿತು. ಮೊದಲ ವರದಿ ಎಲ್ಲರ ಬಾಯಲ್ಲಿ ಉಳಿಯಿತು, ಎರಡನೆಯದು ಕಪಾಟು ಸೇರಿತು.

ಇಲ್ಲಿಯವರೆಗಿನದು ಎಲ್ಲರೂ ಬಲ್ಲ ಕಥೆ. ನನ್ನನ್ನು ತಡೆದು ನಿಲ್ಲಿಸಿದ್ದು ಮುಂದಿನದು.

ಕೈ ಎತ್ತುವ ಮಾತಿನ ಜೊತೆಗೆ ಈ ಶಾಲೆಗಳು ಹೇಳುವ ಇನ್ನೊಂದು ಮಾತಿದೆ: ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಹುಡುಗಿಯ ದನಿ ಉಡುಗುತ್ತದೆ, ಎಂಟರಲ್ಲಿ ಜಗಳಗಂಟಿಯಾಗಿದ್ದವಳು ಹದಿಮೂರಕ್ಕೆ ‘ಗೊತ್ತಿಲ್ಲ’ ಅನ್ನಲು ಶುರುಮಾಡುತ್ತಾಳೆ, ನಮ್ಮ ಶಾಲೆ ಆ ದನಿಯನ್ನು ಕಾಪಾಡುತ್ತದೆ. ಈ ವಿಚಾರದ ಮೂಲ ಹಾರ್ವರ್ಡಿನ ಕ್ಯಾರಲ್ ಗಿಲಿಗನ್. ಅವರು ಲಿನ್ ಮೈಕೆಲ್ ಬ್ರೌನ್ ಜೊತೆ ಸೇರಿ ಏಳರಿಂದ ಹದಿನೆಂಟರವರೆಗಿನ ಸುಮಾರು ನೂರು ಹುಡುಗಿಯರನ್ನು ವರ್ಷದಿಂದ ವರ್ಷಕ್ಕೆ ಮಾತಾಡಿಸಿ, 1992ರಲ್ಲಿ ಪುಸ್ತಕ ತಂದರು. ಪುಸ್ತಕ ಒಳ್ಳೆಯದು. ವರ್ಷ ಕಳೆದಂತೆ ಒಬ್ಬಳೇ ಹುಡುಗಿಯ ಉತ್ತರದಲ್ಲಿ ‘ಗೊತ್ತಿಲ್ಲ’ಗಳು ಹೆಚ್ಚುವುದನ್ನು ಅವರು ಗುರುತಿಸಿದರು. ಸಿಟ್ಟು ಬಂದರೂ ಬಂದಿಲ್ಲವೆನ್ನುವುದು, ಎಲ್ಲರಿಗೂ ಒಳ್ಳೆಯವಳಾಗಿರಬೇಕೆಂಬ ಒತ್ತಡ, ಗೆಳತಿಯರನ್ನು ಕಳಕೊಳ್ಳುವ ಭಯಕ್ಕೆ ನಿಜ ನುಂಗಿಕೊಳ್ಳುವುದು ಎಲ್ಲವೂ ಅಲ್ಲಿದೆ. ನಮ್ಮ ಮನೆಗಳಲ್ಲಿ ‘ಹೆಣ್ಣುಮಗು, ತಗ್ಗಿ ಬಗ್ಗಿ ನಡೀಬೇಕು’ ಎಂದು ಕೇಳಿ ಬೆಳೆದವರಿಗೆ ಆ ಪುಟಗಳು ಪರಕೀಯವಲ್ಲ.

ಈ ಅಧ್ಯಯನ ನಡೆದದ್ದು ಎಲ್ಲಿ? ಓಹಿಯೊದ ಕ್ಲೀವ್‌ಲೆಂಡಿನ ಲಾರೆಲ್ ಸ್ಕೂಲಿನಲ್ಲಿ. ಲಾರೆಲ್ ಎಂದರೆ ಹೆಣ್ಣುಮಕ್ಕಳ ಖಾಸಗಿ ಶಾಲೆ. ಹಾಲ್ಟನ್-ಆರ್ಮ್ಸ್, ಕೆಥೆಡ್ರಲ್‌ಗಳ ಜಾತಿಯದೇ. ಅದಕ್ಕೂ ಮೊದಲು ಗಿಲಿಗನ್ ಅಧ್ಯಯನ ಮಾಡಿದ್ದು ನ್ಯೂಯಾರ್ಕ್ ರಾಜ್ಯದ ಎಮ್ಮಾ ವಿಲ್ಲರ್ಡ್ ಶಾಲೆಯಲ್ಲಿ, ಅದೂ ಹೆಣ್ಣುಮಕ್ಕಳದೇ.

ಎಂದರೆ, ಹುಡುಗಿಯ ದನಿ ಉಡುಗುವುದಕ್ಕೆ ಇಡೀ ಅಮೆರಿಕ ತೋರಿಸುವ ಸಾಕ್ಷಿ ಸಿಕ್ಕಿದ್ದು ಹುಡುಗರೇ ಇಲ್ಲದ ಕೋಣೆಗಳಲ್ಲಿ. ಕೈ ಎತ್ತಲು ಅಡ್ಡಿ ಮಾಡುವ ಗಂಡುಹುಡುಗ ಅಲ್ಲಿರಲಿಲ್ಲ. ಶಾಲೆಯ ನಾಯಕಿ ಹುಡುಗಿ, ಪ್ರಯೋಗಶಾಲೆಯ ಮೊದಲ ಬೆಂಚಿನಲ್ಲಿ ಹುಡುಗಿ, ಕೊನೆಯ ಬೆಂಚಿನಲ್ಲೂ ಹುಡುಗಿ. ಆದರೂ ದನಿ ಉಡುಗಿತು. ರೋಗ ಯಾವ ಆಸ್ಪತ್ರೆಯ ಒಳಗೇ ಪತ್ತೆಯಾಯಿತೋ ಅದೇ ಆಸ್ಪತ್ರೆ ರೋಗದ ವರದಿಯನ್ನು ತನ್ನ ಔಷಧಿಯ ಜಾಹೀರಾತಾಗಿ ಅಂಟಿಸಿಕೊಂಡ ಹಾಗಾಯಿತು.

ಶಾಲೆಗಳ ಪರ ವಾದಿಸುವವರು ಇದಕ್ಕೊಂದು ಉತ್ತರ ಇಟ್ಟುಕೊಂಡಿರುತ್ತಾರೆ: ಸಮಾಜ ಹೊರಗಿನಿಂದ ನುಗ್ಗುತ್ತದೆ, ಟಿವಿ, ಪತ್ರಿಕೆ, ಮನೆ, ಪಕ್ಕದ ಹುಡುಗರ ಶಾಲೆ ಇವುಗಳನ್ನು ಶಾಲೆಯೊಂದೇ ತಡೆಯಲಾರದು. ಒಪ್ಪಿಕೊಳ್ಳೋಣ. ಆದರೆ ಒಪ್ಪಿಕೊಂಡ ಕ್ಷಣಕ್ಕೆ ಈ ಶಾಲೆಗಳು ಹೆತ್ತವರಿಗೆ ಹಂಚುವ ಕೈಪಿಡಿಯ ಮೊದಲ ಪುಟ ಬಿದ್ದುಹೋಗುತ್ತದೆ. ಹುಡುಗರನ್ನು ಗೇಟಿನ ಹೊರಗಿಟ್ಟರೆ ಸಾಕು ಎಂಬುದೇ ಅಲ್ಲವೇ ಅಲ್ಲಿ ಬರೆದದ್ದು? ಗಿಲಿಗನ್ ಮತ್ತು ಬ್ರೌನ್ ಬರಹದಲ್ಲೇ ಇನ್ನೂ ಇರಿಯುವ ಒಂದು ಸಂಗತಿ ಇದೆ. ಹುಡುಗಿಯರಿಗೆ ಒಳ್ಳೆಯವಳಾಗಿರು, ಮೆತ್ತಗಿರು ಎಂದು ಕಲಿಸುತ್ತಿದ್ದವರಲ್ಲಿ ಆ ಶಾಲೆಯ ಹೆಂಗಸರೂ ಇದ್ದರು. ಪ್ರೀತಿಯಿಂದಲೇ, ಅರಿವಿಲ್ಲದೆಯೇ. ಶಿಕ್ಷಕಿಯರು ಅದನ್ನು ಕಂಡುಕೊಂಡು ತಮ್ಮನ್ನೇ ಪ್ರಶ್ನಿಸಿಕೊಳ್ಳಲು ಕೂತದ್ದು ಪುಸ್ತಕದ ಅತ್ಯುತ್ತಮ ಭಾಗ. ಆ ಭಾಗ ಯಾವ ಕೈಪಿಡಿಗೂ ಬಂದಿಲ್ಲ.

ಇನ್ನೊಂದು ಅಧ್ಯಯನ ಇದಕ್ಕೆ ಜೋಡಿಯಾಗಿ ನಿಲ್ಲುತ್ತದೆ. ವ್ಯಾಲರಿ ಲೀ 1986ರಲ್ಲಿ ಕ್ಯಾಥೊಲಿಕ್ ಹೆಣ್ಣುಮಕ್ಕಳ ಶಾಲೆಗಳ ಅಂಕಿಅಂಶ ನೋಡಿ, ಹುಡುಗಿಯರಿಗೆ ಅಲ್ಲಿ ಲಾಭವಿದೆ ಎಂದು ಬರೆದಿದ್ದವರು. ಶಾಲೆಗಳು ಅವರನ್ನು ತಲೆಮೇಲೆ ಹೊತ್ತು ಮೆರೆಸಿದ್ದವು. 1994ರಲ್ಲಿ ಅದೇ ಲೀ ಇಬ್ಬರು ಸಹಲೇಖಕರೊಂದಿಗೆ ಖಾಸಗಿ ಶಾಲೆಗಳ ತರಗತಿಗಳನ್ನೇ ನೋಡಿ ಬರೆದರು: 21 ಶಾಲೆ, 86 ತರಗತಿ. ಹುಡುಗರ ಶಾಲೆಗಳಲ್ಲಿ, ಕೂಡು ಶಾಲೆಗಳ ರಸಾಯನಶಾಸ್ತ್ರದ ತರಗತಿಗಳಲ್ಲಿ ಹುಡುಗಿಯರ ಬಗೆಗಿನ ತಾತ್ಸಾರ ಢಾಳಾಗಿ ಕಂಡಿತು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಕಂಡದ್ದು ಬೇರೆ ಬಗೆಯದು, ನನ್ನ ಪ್ರಕಾರ ಹೆಚ್ಚು ಕೆಟ್ಟದ್ದು. ಶಿಕ್ಷಕರು ಹುಡುಗಿಯರಿಗೆ ತುತ್ತು ಕಲಸಿ ಬಾಯಿಗಿಡುತ್ತಿದ್ದರು. ಕಷ್ಟದ ಲೆಕ್ಕವನ್ನು ಸುಲಭ ಮಾಡಿ ಕೊಡುವುದು, ತಪ್ಪಿದವಳನ್ನು ತಡವರಿಸಲು ಬಿಡದೆ ಉತ್ತರ ಎತ್ತಿಕೊಡುವುದು, ಪ್ರಯತ್ನಕ್ಕೇ ಶಭಾಷ್ ಅನ್ನುವುದು. ಪರಾವಲಂಬನೆಯನ್ನು ಅಕ್ಕರೆಯ ಹೆಸರಿನಲ್ಲಿ ಕಲಿಸುವುದು ಎಂದರೆ ಇದೇ.

ನಾನು ಕೂತು ನೋಡಿದ ಒಂದು ಓಪನ್ ಹೌಸ್ ತರಗತಿಯಲ್ಲಿ ಇದು ಕಣ್ಣಿಗೆ ಕಟ್ಟುವಂತಿತ್ತು. ಯಾವ ಶಾಲೆ ಎಂಬುದು ಇಲ್ಲಿ ಮುಖ್ಯವಲ್ಲ. ಅಂಡಾಕಾರದ ಮೇಜು, ಸುತ್ತ ಹದಿನಾಲ್ಕು ಹುಡುಗಿಯರು, ಗೋಡೆ ಬದಿಯ ಕುರ್ಚಿಗಳಲ್ಲಿ ತಂದೆತಾಯಿ. ಶಿಕ್ಷಕಿ ಬೀಜಗಣಿತದ ಒಂದು ಲೆಕ್ಕ ಹಾಕಿದರು. ಕೈಗಳು ಎದ್ದವು, ಹತ್ತಕ್ಕೂ ಹೆಚ್ಚು. ಹೆತ್ತವರ ಮುಖ ಅರಳಿತು. ಕಿಟಕಿ ಬದಿಯ ಹುಡುಗಿ ಎದ್ದು ಹೋಗಿ ಬೋರ್ಡಿನ ಮೇಲೆ ಎರಡು ಸಾಲು ಬರೆದಳು, ಮೂರನೇ ಸಾಲಿನಲ್ಲಿ ಮೈನಸ್ ಚಿಹ್ನೆ ತಪ್ಪಿಸಿದಳು, ಪೆನ್ನು ಹಿಡಿದು ನಿಂತಳು. ಅವಳಿಗೆ ಅರ್ಧ ನಿಮಿಷ ಕೊಟ್ಟಿದ್ದರೆ ತಾನೇ ಹಿಡಿಯುತ್ತಿದ್ದಳು. ಕಣ್ಣು ಆ ಸಾಲಿಗೇ ಹೋಗಿತ್ತು. ಅಷ್ಟರಲ್ಲಿ ಶಿಕ್ಷಕಿ ನಗುತ್ತಾ ಬಂದು ಚಿಹ್ನೆ ತಿದ್ದಿ, “ಎಷ್ಟು ಹತ್ತಿರ ಬಂದಿದ್ದೆ ನೋಡು” ಎಂದು ಭುಜ ತಟ್ಟಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿ ಚಪ್ಪಾಳೆಯೊಂದಿಗೆ ತನ್ನ ಜಾಗಕ್ಕೆ ಬಂದು ಕೂತಳು, ಲೆಕ್ಕ ಶಿಕ್ಷಕಿಯದಾಯಿತು. ಕೈ ಎದ್ದದ್ದನ್ನು ಎಣಿಸಿದ್ದರೆ ಈ ತರಗತಿಗೆ ನೂರಕ್ಕೆ ನೂರು. ಹದಿನಾಲ್ಕು ಜನರ ಕೋಣೆಯಲ್ಲಿ, ಗೋಡೆ ಬದಿಗೆ ಅಪ್ಪಅಮ್ಮ ಕೂತಿರುವಾಗ, ಯಾರ ಕೈ ತಾನೇ ಏಳುವುದಿಲ್ಲ?

ಅಂಕಿಅಂಶದ ಮಾತಿಗೆ ಹೆಚ್ಚು ಜಾಗ ಬೇಡ. ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದವರು ಎಂಜಿನಿಯರಿಂಗ್ ಕಡೆ ಹೋಗುವ ಸಾಧ್ಯತೆ ‘ಮೂರು ಪಟ್ಟು’ ಎಂಬ ಮಾತು ಎಲ್ಲ ಓಪನ್ ಹೌಸಿನಲ್ಲೂ ಕೇಳುತ್ತದೆ. ಅದರ ಮೂಲ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಂಡಾ ಸ್ಯಾಕ್ಸ್ 2009ರಲ್ಲಿ ತಂದ ವರದಿ. ಮಾಡಿಸಿದ್ದು ಶಾಲೆಗಳ ಒಕ್ಕೂಟವೇ. ಒಳಗೆ ನೋಡಿದರೆ ಎಂಜಿನಿಯರ್ ಆಗುವ ಆಸೆಯಿದೆ ಎಂದು ಪ್ರಶ್ನಾವಳಿಯಲ್ಲಿ ಗುರುತು ಹಾಕಿದವರು 100ಕ್ಕೆ 4.4 ಒಂದು ಕಡೆ, 1.4 ಇನ್ನೊಂದು ಕಡೆ. ಮೂರು ಪಟ್ಟು ಹೌದು. 100ರಲ್ಲಿ 95ಕ್ಕೂ ಹೆಚ್ಚು ಹುಡುಗಿಯರು ಎರಡೂ ಕಡೆ ಬೇರೆ ದಾರಿ ಬಯಸಿದ್ದೂ ಹೌದು. ಸ್ಯಾಕ್ಸ್ ಪ್ರಾಮಾಣಿಕರು, ವ್ಯತ್ಯಾಸಗಳು ಸಣ್ಣವೆಂದು ತಾವೇ ಬರೆದಿದ್ದಾರೆ. 2014ರಲ್ಲಿ ಪಾಲ್ಕೆ, ಹೈಡ್, ಆಲಿಸನ್ ಎಂಬ ಮೂವರು 21 ದೇಶಗಳ 184 ಅಧ್ಯಯನಗಳನ್ನು, 16 ಲಕ್ಷ ವಿದ್ಯಾರ್ಥಿಗಳ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿದಾಗ, ಮನೆಯ ಅಂತಸ್ತು, ಆಯ್ಕೆ ಪರೀಕ್ಷೆ ಮುಂತಾದವನ್ನು ಕಳೆದ ಮೇಲೆ ಉಳಿದದ್ದು ಗಣನೆಗೆ ಬಾರದಷ್ಟು. ಅಲ್ಲಿಗೆ ಸಂಖ್ಯೆಯ ಜಗಳ ಮುಗಿಯಿತು ಎಂದು ನನ್ನ ಭಾವನೆ.

ಆದರೆ ಈ ಶಾಲೆಗಳನ್ನು ಹಳಿಯುವವರ ಪಂಗಡವೂ ಒಂದಿದೆ. ನಾನು ಆ ಪಂಗಡದವನೆಂದು ಯಾರಾದರೂ ತಿಳಿದರೆ ನನಗೆ ಬೇಸರವಾಗುತ್ತದೆ. 2011ರಲ್ಲಿ ಡಯೇನ್ ಹಾಲ್ಪರ್ನ್ ಮತ್ತು ಏಳು ಜನ ಸೇರಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಬೇರೆ ಕೂರಿಸುವುದು ಹುಸಿವಿಜ್ಞಾನ, ಅದರಿಂದ ಹೆಣ್ಣು ಗಂಡು ಎಂಬ ಪಡಿಯಚ್ಚು ಗಟ್ಟಿಯಾಗುತ್ತದೆ ಎಂದು ಅವರ ವಾದ. ಮೊದಲ ಅರ್ಧ ಸರಿ. ಎರಡನೆಯದಕ್ಕೆ ಕೊಟ್ಟ ಸಾಕ್ಷಿ ನೋಡಿ. ಶಿಶುವಿಹಾರದಲ್ಲಿ ಎರಡು ವಾರ ‘ಹುಡುಗರೆಲ್ಲ ಈ ಸಾಲು, ಹುಡುಗಿಯರೆಲ್ಲ ಆ ಸಾಲು’ ಎಂದು ನಿಲ್ಲಿಸಿದರೆ ಮಕ್ಕಳ ಪೂರ್ವಗ್ರಹ ಹೆಚ್ಚುತ್ತದೆ ಎಂಬ 2010ರ ಹಿಲಿಯರ್ಡ್ ಮತ್ತು ಲಿಬೆನ್ ಅವರ ಪ್ರಯೋಗ. ಸೊಗಸಾದ ಪ್ರಯೋಗ; ಆದರೆ ನಡೆದದ್ದು ಹುಡುಗ ಹುಡುಗಿ ಕೂಡಿ ಕಲಿಯುವ ಶಿಶುವಿಹಾರಗಳಲ್ಲಿ! ಹುಡುಗರೇ ಇಲ್ಲದ ಶಾಲೆಯಲ್ಲಿ ‘ಹುಡುಗಿಯರೆಲ್ಲ ಆ ಸಾಲು’ ಎನ್ನುವ ಪ್ರಸಂಗವೇ ಬರುವುದಿಲ್ಲ. ಹೊಗಳುವವರು ಹೆಣ್ಣುಮಕ್ಕಳ ಶಾಲೆಯಲ್ಲಿ ಸಿಕ್ಕ ರೋಗವನ್ನು ಕೂಡು ಶಾಲೆಯ ತಲೆಗೆ ಕಟ್ಟಿದರೆ, ತೆಗಳುವವರು ಕೂಡು ಶಾಲೆಯಲ್ಲಿ ಸಿಕ್ಕ ರೋಗವನ್ನು ಹೆಣ್ಣುಮಕ್ಕಳ ಶಾಲೆಯ ತಲೆಗೆ ಕಟ್ಟಿದರು. ಇಬ್ಬರೂ ಬೀದಿಯ ಆಚೆಬದಿಯ ಮನೆಯ ಪಂಚನಾಮೆ ತಂದು ಈಚೆಬದಿಯವರ ಮೇಲೆ ಕೇಸು ಹಾಕುತ್ತಿದ್ದಾರೆ.

ಮೂರನೆಯವರು ಕ್ರಿಸ್ಟಿನಾ ಹಾಫ್ ಸಾಮರ್ಸ್. ಹುಡುಗರು ಉತ್ತರ ಕೂಗುವುದು ಹುಡುಗಿಯರ ‘ಎಂಟು ಪಟ್ಟು’ ಎಂದು ಸ್ಯಾಡ್ಕರ್ ದಂಪತಿ ಹೇಳಿದ ಸಂಖ್ಯೆಯ ಮೂಲ ದಾಖಲೆ ಎಲ್ಲಿ, ಗಿಲಿಗನ್ ಸಂದರ್ಶನಗಳ ಮೂಲ ಪ್ರತಿ ಎಲ್ಲಿ ಎಂದು ಪಟ್ಟು ಹಿಡಿದು ಕೇಳಿದವರು. ಕೇಳಿದ್ದು ನ್ಯಾಯ. ಆದರೆ ಕೇಳಿದ ಉದ್ದೇಶ ಹುಡುಗಿಯರಿಗೆ ಏನೂ ತೊಂದರೆಯಿಲ್ಲ, ತೊಂದರೆಯೆಲ್ಲ ಹುಡುಗರಿಗೆ ಎಂದು ಸಾಧಿಸುವುದು. ದಾಖಲೆ ಕೇಳುವವರು ಎರಡೂ ಕಡೆಯವರನ್ನು ಕೇಳಬೇಕು.

ನಮ್ಮವರ ವಿಷಯಕ್ಕೆ ಬಂದರೆ ಇನ್ನೊಂದು ಬಗೆಯ ಕುರುಡಿದೆ. ಹಾಸನದಲ್ಲೋ ಧಾರವಾಡದಲ್ಲೋ ಸರ್ಕಾರಿ ಹೆಣ್ಣುಮಕ್ಕಳ ಹೈಸ್ಕೂಲು ಎಂದರೆ ಹಿಂದುಳಿದದ್ದು, ಮಡಿವಂತ ಅಪ್ಪಂದಿರಿಗಾಗಿ ಇರುವಂಥದ್ದು ಎಂದು ಮೂಗು ಮುರಿಯುವವರೇ ಬೆಥೆಸ್ಡಾದ ಹಾಲ್ಟನ್-ಆರ್ಮ್ಸ್‌ನಲ್ಲಿ ಅದೇ ವ್ಯವಸ್ಥೆಯನ್ನು ಸ್ತ್ರೀವಾದವೆಂದು ಕೊಂಡಾಡುತ್ತಾರೆ. ಅಂಬಿಲ್ ನರಸಿಂಹ ಅಯ್ಯಂಗಾರ್ಯರು ಅರಮನೆಯ ಬೆಂಬಲ ಪಡೆದು ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1881ರಲ್ಲಿ. ಅದೇ 1881ರ ಏಪ್ರಿಲಿನಲ್ಲಿ ಅಟ್ಲಾಂಟಾದ ಫ್ರೆಂಡ್‌ಶಿಪ್ ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ಸೋಫಿಯಾ ಪ್ಯಾಕರ್ಡ್ ಮತ್ತು ಹ್ಯಾರಿಯೆಟ್ ಜೈಲ್ಸ್ 11 ಜನ ಕಪ್ಪು ಹೆಂಗಸರನ್ನು ಕೂರಿಸಿಕೊಂಡು ಪಾಠ ಶುರುಮಾಡಿದರು. ಅದೇ ಮುಂದೆ ಸ್ಪೆಲ್ಮನ್ ಕಾಲೇಜಾಯಿತು. ಮೈಸೂರಿನದು ಮೇಲುಜಾತಿಯ ಮನೆಗಳಿಗೆ ಒಪ್ಪುವಂತೆ ನಡೆದ ಶಾಲೆ, ಅಟ್ಲಾಂಟಾದ್ದು ಗುಲಾಮಗಿರಿಯಿಂದ ಆಗಷ್ಟೇ ಹೊರಬಂದವರದು. ಬೇರೆ ಕೂರಿಸುವುದೊಂದೇ ಎರಡಕ್ಕೂ ಸಮಾನ. ಅದರಿಂದಲೇ ಗುಣ ಬರುವುದಾದರೆ ಎರಡೂ ಒಂದೇ ಫಲ ಕೊಡಬೇಕಿತ್ತು. ಶಾಲೆಯ ಯೋಗ್ಯತೆ ತಿಳಿಯಲು ಯಾರನ್ನು ಹೊರಗಿಟ್ಟಿತು ಎಂಬುದರ ಜೊತೆಗೆ ಯಾರನ್ನು ಒಳಗೆ ಬಿಟ್ಟಿತು ಎಂಬುದನ್ನೂ ಕೇಳಬೇಕು.

ಕೇಳಿದರೆ ದಕ್ಷಿಣದ ಖಾಸಗಿ ಶಾಲೆಗಳು ಮುಜುಗರಪಡುತ್ತವೆ. ಜಾರ್ಜ್‌ಟೌನ್ ವಿಸಿಟೇಷನ್ನಿನ ಸನ್ಯಾಸಿನಿಯರು ನೂರಕ್ಕೂ ಹೆಚ್ಚು ಜನ ಗುಲಾಮರ ಒಡತಿಯರಾಗಿದ್ದರು, ಕಟ್ಟಡದ ಸಾಲ ತೀರಿಸಲು ಮಾರಿಯೂ ಇದ್ದರು. ಶಾಲೆಯ ಸ್ವಂತ ದಾಖಲೆಗಳನ್ನು ಶೋಧಿಸಿಯೇ ಇದು ಹೊರಬಂತು. ಸನ್ಯಾಸಿನಿಯರು ಗುಲಾಮರಿಗೆ ಗುಟ್ಟಾಗಿ ಓದು ಕಲಿಸಿದರೆಂಬ ಚಂದದ ಕಥೆಗೆ ಮಾತ್ರ ಆಧಾರ ಸಿಗಲಿಲ್ಲ. ಅಟ್ಲಾಂಟಾದಲ್ಲಿ 1963ರಲ್ಲಿ ಲವೆಟ್ ಶಾಲೆ ಮಾರ್ಟಿನ್ ಲೂಥರ್ ಕಿಂಗರ ಮಗನ ಅರ್ಜಿಯನ್ನೇ ತಿರಸ್ಕರಿಸಿತು; ಅದು ಕೂಡು ಶಾಲೆ, ಆದರೆ ಊರಿನ ಗಾಳಿ ಅದೇ. ಬಣ್ಣ ನೋಡಿ ಅಡ್ಮಿಷನ್ ನಿರಾಕರಿಸಬಾರದೆಂದು ಖಾಸಗಿ ಶಾಲೆಗಳಿಗೆ ಸುಪ್ರೀಂ ಕೋರ್ಟು 1976ರಲ್ಲಿ ಹೇಳಬೇಕಾಯಿತು. ಆ ಮೊಕದ್ದಮೆಯ ಶಾಲೆಗಳು ಇದ್ದದ್ದು ಇದೇ ವಾಷಿಂಗ್ಟನ್ನಿನ ಮಗ್ಗುಲಿನ ಆರ್ಲಿಂಗ್ಟನ್ ಮತ್ತು ಫೇರ್‌ಫ್ಯಾಕ್ಸಿನಲ್ಲಿ, ಎಂದರೆ ಇವತ್ತು ನಮ್ಮವರು ಮನೆ ಕೊಂಡಿರುವ ಜಾಗದಲ್ಲಿ.

ಇರುವ ಒಳ್ಳೆಯದನ್ನೂ ಹೇಳಬೇಕು. ಹುಡುಗಿಯರೇ ಇರುವ ಶಾಲೆಯಲ್ಲಿ ಎಲ್ಲ ಕೆಲಸವನ್ನೂ ಹುಡುಗಿಯರೇ ಮಾಡಬೇಕಾಗುತ್ತದೆ. ನಾಟಕದ ದೀಪದ ವೈರು ಎಳೆಯುವುದು, ರೋಬೊ ಬಿಚ್ಚಿ ಕಟ್ಟುವುದು, ಶಾಲಾ ಪತ್ರಿಕೆಯ ಸಂಪಾದಕಿಯಾಗಿ ಗೆಳತಿಯ ಲೇಖನ ವಾಪಸು ಕಳಿಸುವುದು. ಮಡೀರಾ ತನ್ನ ವಿದ್ಯಾರ್ಥಿನಿಯರನ್ನು ಪಾಠದ ನಡುವೆಯೇ ಕ್ಯಾಪಿಟಲ್ ಹಿಲ್ಲಿನ ಕಚೇರಿಗಳಿಗೆ ಕೆಲಸಕ್ಕೆ ಕಳಿಸುವ ಪದ್ಧತಿ ಬೆಳೆಸಿತು. ‘ವಾಷಿಂಗ್ಟನ್ ಪೋಸ್ಟ್’ ನಡೆಸಿದ ಕ್ಯಾಥರೀನ್ ಗ್ರಹಾಂ ಅಲ್ಲಿ ಓದಿದವರು. ಇದು ನಿಜವಾದ ಗುಣ. ಆದರೆ ಇದನ್ನು ಕೈಪಿಡಿಯಲ್ಲಿ ಮುಂದಿಟ್ಟರೆ ‘ಕೂಡು ಶಾಲೆಯಲ್ಲೂ ಇದನ್ನು ನಿಯಮ ಮಾಡಿ ನಡೆಸಬಹುದಲ್ಲ’ ಎಂದು ಯಾರಾದರೂ ಕೇಳಿಯಾರು.

ಇನ್ನು ಗೇಟಿನ ಮಾತು. ಮನೆಗೆ ಮರಳುವ ಶಾಲೆಯ ರಕ್ಷಣೆ ಮಧ್ಯಾಹ್ನ ಮೂರೂವರೆಗೆ ಮುಗಿಯುತ್ತದೆ. ಅದೇ ಕೇರಿಯಲ್ಲಿ ಹುಡುಗರ ಶಾಲೆಗಳಿವೆ, ಶನಿವಾರದ ಪಾರ್ಟಿಗಳಿವೆ. 2018ರ ಸೆಪ್ಟೆಂಬರಿನಲ್ಲಿ ಸೆನೆಟ್ ಸಮಿತಿಯ ಮುಂದೆ ಕೂತ ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ಹಾಲ್ಟನ್-ಆರ್ಮ್ಸ್‌ನ ಹಳೆಯ ವಿದ್ಯಾರ್ಥಿನಿ. ಹೈಸ್ಕೂಲು ದಿನಗಳ ಒಂದು ಕೂಟದಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂದು ಅವರು ಹೇಳಿದ್ದನ್ನು, ಆಪಾದನೆಗೆ ಗುರಿಯಾದ ಬ್ರೆಟ್ ಕ್ಯಾವನಾ ಸಂಪೂರ್ಣ ಅಲ್ಲಗಳೆದರು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಆದರು. ಯಾರದು ನಿಜ ಎಂಬುದು ಈ ಬರಹದ ವಿಷಯವಲ್ಲ. ದನಿ ಕಾಪಾಡುತ್ತೇವೆಂದು ಹೇಳುವ ಶಾಲೆಯ ಹುಡುಗಿ ಆ ಮಾತನ್ನು ದಶಕಗಳ ಕಾಲ ಸಾರ್ವಜನಿಕವಾಗಿ ಆಡಲಿಲ್ಲ ಎಂಬುದು ವಿಷಯ. ಅವರ ಬೆಂಬಲಕ್ಕೆ ಆ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಒಂದು ಪತ್ರ ಬರೆದರು, ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಶಾಲೆಯ ನಿಜವಾದ ಕೊಡುಗೆ ಆ ಸಹಿಗಳಲ್ಲಿದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ತರಗತಿಯಲ್ಲಿ ಎದ್ದ ಕೈಗೆ ಅದರಲ್ಲಿ ಪಾಲಿದೆ ಎನ್ನಲು ಮಾತ್ರ ನನಗೆ ಕಾರಣ ಕಾಣುವುದಿಲ್ಲ.

ಈಗ ಮರೆತ ಶಾಲೆ. 1851ರ ಡಿಸೆಂಬರ್ 3ರಂದು ಮಿರ್ಟಿಲ್ಲಾ ಮೈನರ್ ಎಂಬ ಬಿಳಿಯ ಹೆಂಗಸು, ಸದಾ ಕಾಯಿಲೆಯವಳು, ವಾಷಿಂಗ್ಟನ್ನಿನಲ್ಲಿ ಆರು ಜನ ಕಪ್ಪು ಹುಡುಗಿಯರನ್ನು ಕೂರಿಸಿಕೊಂಡು ಶಾಲೆ ಶುರುಮಾಡಿದಳು. ಆಗ ಆ ಊರಿನಲ್ಲಿ ಗುಲಾಮಗಿರಿ ಕಾನೂನುಬದ್ಧ. ಮೊದಲೇ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಫ್ರೆಡರಿಕ್ ಡಗ್ಲಾಸನ ಸಲಹೆ ಕೇಳಿದ್ದಳು. ಇದು ಹುಚ್ಚು ಸಾಹಸ, ಬೇಡ ಎಂದು ಅಂಥ ಧೀರನೇ ಹೇಳಿದ್ದ. ಎರಡು ತಿಂಗಳಲ್ಲಿ ಆರು ನಲವತ್ತಾಯಿತು. ಹ್ಯಾರಿಯೆಟ್ ಬೀಚರ್ ಸ್ಟೋವ್ ತಮ್ಮ ಪುಸ್ತಕದ ದುಡ್ಡಿನಿಂದ ಸಾವಿರ ಡಾಲರು ಕೊಟ್ಟರು. ಕಿಟಕಿಗೆ ಕಲ್ಲು ಬಿದ್ದವು. 1848ರಲ್ಲಿ ಪರ್ಲ್ ಎಂಬ ಹಡಗಿನಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದು, ಆಮೇಲೆ ಬಿಡುಗಡೆ ಪಡೆದ ಎಮಿಲಿ ಎಡ್ಮನ್‌ಸನ್ ಇವಳ ಸಹಾಯಕ್ಕೆ ಬಂದು ಶಾಲೆಯ ಜಾಗದಲ್ಲೇ ನೆಲೆಸಿದಳು. ಇಬ್ಬರೂ ಪಿಸ್ತೂಲು ಹೊಡೆಯುವುದನ್ನು ಅಭ್ಯಾಸ ಮಾಡಿಕೊಂಡರು.

ಈ ಶಾಲೆಗೆ ಬಂದ ಅತ್ಯುತ್ತಮ ವಿಮರ್ಶೆ ಬರೆದವನು ಅದರ ಶತ್ರು. 1857ರಲ್ಲಿ ಊರಿನ ಮಾಜಿ ಮೇಯರ್ ವಾಲ್ಟರ್ ಲೆನಾಕ್ಸ್ ಪತ್ರಿಕೆಗೆ ಬರೆದು ಶಾಲೆಯನ್ನು ವಿರೋಧಿಸಿದ. ಅವನ ವಾದದ ಸಾರ ಇಷ್ಟು: ಈ ಹುಡುಗಿಯರಿಗೆ ಸಮಾಜದಲ್ಲಿ, ರಾಜಕೀಯದಲ್ಲಿ ಇರುವ ಸ್ಥಾನಕ್ಕೆ ಮೀರಿದ ವಿದ್ಯೆ ಇಲ್ಲಿ ಸಿಗುತ್ತಿದೆ, ಹಾಗೆ ಕಲಿತವರು ಇದ್ದಲ್ಲಿ ಇರಲು ಒಪ್ಪುವುದಿಲ್ಲ. ಅವನು ಅರ್ಥಮಾಡಿಕೊಂಡದ್ದು ಸರಿಯಾಗಿತ್ತು. 1858ರ ಹೊತ್ತಿಗೆ ಮೈನರಳ ಆರು ಶಿಷ್ಯೆಯರು ತಮ್ಮದೇ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದರು. ಮಾಡುವ ಆಸೆಯಿದೆ ಎಂದು ಪ್ರಶ್ನಾವಳಿಯಲ್ಲಿ ಗುರುತು ಹಾಕಿದವರಲ್ಲ, ಮಾಡುತ್ತಿದ್ದವರು. ಹಾಲ್ಟನ್ನಿನದಾಗಲಿ ಕೆಥೆಡ್ರಲ್ಲಿನದಾಗಲಿ ಕೈಪಿಡಿ ಓದಿ ಇವತ್ತು ಯಾವ ಮೇಯರೂ ಹೆದರುವುದಿಲ್ಲ. ಮಗಳನ್ನು ಅಲ್ಲಿಗೇ ಸೇರಿಸುತ್ತಾನೆ. 1860ರಲ್ಲಿ ಮೈನರಳ ಶಾಲೆಗೆ ಬೆಂಕಿ ಹಚ್ಚಿದರು. ಅದು ಮುಚ್ಚಿತು, ಮತ್ತೆ ತೆರೆಯಿತು, ಶಿಕ್ಷಕಿಯರ ತರಬೇತಿ ಶಾಲೆಯಾಗಿ ದಶಕಗಳ ಕಾಲ ಊರಿನ ಕಪ್ಪು ಮಕ್ಕಳಿಗೆ ಮೇಡಮ್ಮುಗಳನ್ನು ತಯಾರು ಮಾಡಿತು, ಕೊನೆಗೆ ಇಂದಿನ ಯೂನಿವರ್ಸಿಟಿ ಆಫ್ ದಿ ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾದಲ್ಲಿ ಲೀನವಾಯಿತು. ಮೈನರ್ 1864ರಲ್ಲೇ ತೀರಿಕೊಂಡಿದ್ದಳು.

ನಾನು ಹೋಲಿಸುತ್ತಿರುವುದು ಅನ್ಯಾಯ ಎನ್ನುವವರಿದ್ದಾರೆ. ಕಾಲ ಬೇರೆ, ಅಪಾಯ ಬೇರೆ ಎಂದು. ಇರಲಿ. ಧೈರ್ಯ ಕಲಿಸುತ್ತೇವೆ ಎಂದು ಹೇಳಿಕೊಳ್ಳುವ ಶಾಲೆಯನ್ನು ಧೈರ್ಯದ ಅಳತೆಯಲ್ಲೇ ಅಳೆಯಬೇಕಲ್ಲವೆ?

ಈ ಚಳಿಗಾಲದಲ್ಲಿ ಮಗಳಿಗಾಗಿ ಓಪನ್ ಹೌಸಿಗೆ ಹೋಗುವ ಕನ್ನಡದ ಅಪ್ಪಅಮ್ಮಂದಿರಿಗೆ ಒಂದು ಕೋರಿಕೆ. ಎದ್ದ ಕೈಗಳನ್ನು ಎಣಿಸಬೇಡಿ. ಗಣಿತದ ಒಂದು ಸಾಮಾನ್ಯ ದಿನದ ತರಗತಿಯಲ್ಲಿ, ಹೆತ್ತವರಿಗೆಂದು ಸಿದ್ಧಮಾಡಿದ್ದಲ್ಲ, ಹಿಂದೆ ಕೂರಲು ಬಿಡುತ್ತೀರಾ ಎಂದು ಕೇಳಿ. ಬಿಟ್ಟರೆ, ಬೋರ್ಡಿನ ಮುಂದೆ ತಡವರಿಸಿ ನಿಂತ ಹುಡುಗಿಗೆ ಶಿಕ್ಷಕಿ ಎಷ್ಟು ಹೊತ್ತು ಕೊಡುತ್ತಾರೆ ಎಂದು ಗಡಿಯಾರ ನೋಡಿ. ಬಿಡದಿದ್ದರೆ ಆ 50 ಸಾವಿರ ಡಾಲರನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.